ಹಳೇ ಸ್ಟುಡಿಯೋದ ಡಬ್ಬಿಯಲ್ಲಿ ನಾಲ್ಕು ಮ್ಯಾನ್ಯುವಲ್ ಲೆನ್ಸ್ ಸಿಕ್ಕಿವೆ, ಯಾವುದು ತಗೊಳ್ಳಲಿ?

ಬೀದರ್_ಬೆಳ್ಳಿತಂತಿ

ಎಲ್ಲರಿಗೂ ನಮಸ್ಕಾರ. ನಾನು ಬೀದರಿನವಳು. ನನ್ನ ಹತ್ತಿರ ಕ್ಯಾನನ್ 1500ಡಿ ಇದೆ. ಅದರ ಜೊತೆ ಬಂದ 18-55 ಕಿಟ್ ಲೆನ್ಸ್ ಬಿಟ್ಟರೆ ಬೇರೆ ಏನೂ ಇಲ್ಲ.

ಎರಡು ಕೆಲಸಕ್ಕೆ ಲೆನ್ಸ್ ಬೇಕು. ನಮ್ಮ ಓಣಿಯಲ್ಲಿ ಬಿದ್ರಿ ಕೆಲಸ ಮಾಡುವ ಕಾಕಾ ಒಬ್ಬರಿದ್ದಾರೆ. ಅವರ ಸಾಮಾನು ಆನ್‌ಲೈನ್‌ನಲ್ಲಿ ಮಾರಲು ಫೋಟೋ ನಾನೇ ತೆಗೆದು ಕೊಡುತ್ತೇನೆ. ಹೂದಾನಿ, ಡಬ್ಬಿ, ತಟ್ಟೆ ಪೂರ್ತಿ ಕಾಣುವ ಫೋಟೋ ಕಿಟ್ ಲೆನ್ಸಲ್ಲೇ ಚೆನ್ನಾಗಿ ಬರುತ್ತೆ. ಆದರೆ ತಾರಕಶಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಗೀರು ಕೊರೆದು ಬೆಳ್ಳಿ ತಂತಿ ಕೂರಿಸಿರುತ್ತಾರಲ್ಲ, ಅದನ್ನು ಹತ್ತಿರದಿಂದ ತೋರಿಸಲು ಆಗುತ್ತಿಲ್ಲ. ಕೊಳ್ಳುವವರಿಗೆ ಅದೇ ಕಾಣಬೇಕು. ಅದು ಕಾಣದಿದ್ದರೆ ಮಶಿನ್‌ನಲ್ಲಿ ಮಾಡಿದ ಅಗ್ಗದ ಸಾಮಾನಿಗೂ ಕಾಕಾ ವಾರಗಟ್ಟಲೆ ಕೂತು ಮಾಡಿದ್ದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ಇನ್ನೊಂದು ಕೆಲಸ ನನ್ನ ಸ್ವಂತ ಖುಷಿಗೆ. ಜಾತ್ರೆ, ಉರುಸಿನಲ್ಲಿ ಜನರ ಮುಖ ತೆಗೆಯುವುದು ನನಗೆ ಬಹಳ ಇಷ್ಟ.

ಹೊಸ ಮ್ಯಾಕ್ರೋ ಲೆನ್ಸ್, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್, ಅದರ ಬೆಲೆ ಕೇಳಿ ಸುಮ್ಮನಾದೆ. ಕಳೆದ ವಾರ ಕಲಬುರಗಿಗೆ ಹೋದಾಗ ಸೂಪರ್ ಮಾರ್ಕೆಟ್ ಕಡೆ ಒಂದು ಹಳೇ ಸ್ಟುಡಿಯೋ ನೋಡಿದೆ. ಮಾಲೀಕರು ಅಂಗಡಿ ಮುಚ್ಚುತ್ತಿದ್ದಾರೆ. ಫಿಲ್ಮ್ ಕಾಲದ ಸಾಮಾನೆಲ್ಲ ಒಂದು ರಟ್ಟಿನ ಡಬ್ಬಿಯಲ್ಲಿದೆ. ಅದರಲ್ಲಿ ಲೆನ್ಸ್ ನಾಲ್ಕು (ಎಫ್ ಅಂಕಿ ಚಿಕ್ಕದಿದ್ದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ):

ಜೆನಿಟ್ ಕ್ಯಾಮೆರಾ ಸಮೇತ ಹೆಲಿಯೋಸ್ 44-2, 58 ಎಂಎಂ ಎಫ್/2. 4,000 ಹೇಳಿದರು.
ಕ್ಯಾನನ್ ಎಫ್‌ಡಿ 50 ಎಂಎಂ ಎಫ್/1.8. 2,500.
ನಿಕಾನ್ ಮೈಕ್ರೋ-ನಿಕ್ಕೋರ್ 55 ಎಂಎಂ ಎಫ್/2.8. 6,500.
ವಿವಿಟಾರ್ 135 ಎಂಎಂ ಎಫ್/2.8, ಹಿಂದೆ ಎಂಡಿ ಅಂತ ಬರೆದಿದೆ. 2,000.

ನನ್ನ ಹತ್ತಿರ ಇರುವುದು ಎಲ್ಲಾ ಸೇರಿ 7,000. ನನಗೆ ಅನಿಸಿದ್ದು ಕ್ಯಾನನ್ ಕ್ಯಾಮೆರಾಕ್ಕೆ ಕ್ಯಾನನ್ ಲೆನ್ಸ್ ತಗೊಂಡರೆ ತಾಪತ್ರಯ ಇರಲ್ಲ, ಬೆಲೆಯೂ ಕಡಿಮೆ. ಅವರು ಬರುವ ಭಾನುವಾರದ ತನಕ ಯಾರಿಗೂ ಕೊಡಲ್ಲ ಅಂದಿದ್ದಾರೆ. ದಯವಿಟ್ಟು ತಿಳಿದವರು ಹೇಳಿ.

ತೊಗರಿಕಣಜ

ಮೊದಲು ಒಂದು ಮಾತು. ಆ ಎಫ್‌ಡಿ ಬಿಟ್ಟುಬಿಡಿ. ಹೆಸರು ಒಂದೇ, ಆದರೆ ಅದು ನಿಮ್ಮ ಕ್ಯಾಮೆರಾಕ್ಕೆ ಆಗಲ್ಲ. ಕ್ಯಾನನ್ 1987ರಲ್ಲಿ ನಿಮ್ಮ 1500ಡಿಯ ಮನೆತನದ ಇಒಎಸ್ ಕ್ಯಾಮೆರಾ ತಂದಾಗ ಮೌಂಟನ್ನೇ, ಅಂದರೆ ಲೆನ್ಸ್ ಕೂರುವ ಬಾಯಿಯನ್ನೇ, ಪೂರ್ತಿ ಬದಲಾಯಿಸಿತು. ಎಫ್‌ಡಿ ಅದಕ್ಕಿಂತ ಹಿಂದಿನದು. ನಾನೂ ಶುರುವಿನಲ್ಲಿ ಇದೇ ತಪ್ಪು ಮಾಡಿ ಒಂದು ಎಫ್‌ಡಿ 28 ತಗೊಂಡಿದ್ದೆ, ಎರಡು ವರ್ಷ ಕಪಾಟಿನಲ್ಲಿ ಇತ್ತು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಯಾಕೆ ಆಗಲ್ಲ ಅಂತ ತಿಳಿದುಕೊಂಡರೆ ಮುಂದೆ ಯಾವ ಹಳೇ ಲೆನ್ಸ್ ಸಿಕ್ಕರೂ ನಿಮಗೇ ಗೊತ್ತಾಗುತ್ತೆ. ಲೆನ್ಸ್ ಕೂರುವ ಜಾಗದಿಂದ ಒಳಗಿನ ಫಿಲ್ಮ್ ಅಥವಾ ಸೆನ್ಸರ್ ತನಕ ಇಷ್ಟೇ ದೂರ ಇರಬೇಕು ಅಂತ ಪ್ರತಿ ಮೌಂಟಿಗೂ ಒಂದು ಅಳತೆ ಇದೆ. ನಿಮ್ಮ 1500ಡಿಯಲ್ಲಿ ಅದು 44 ಎಂಎಂ. ಹಳೇ ಲೆನ್ಸಿನ ಅಳತೆ 44ಕ್ಕಿಂತ ಜಾಸ್ತಿ ಇದ್ದರೆ ಉಳಿದ ಜಾಗದಲ್ಲಿ ಬಳೆಯಂಥ ಒಂದು ಅಡಾಪ್ಟರ್ ರಿಂಗ್ ಕೂರುತ್ತೆ, ಕೆಲಸ ಮುಗಿಯಿತು. ಕಡಿಮೆ ಇದ್ದರೆ ರಿಂಗ್‌ಗೆ ಜಾಗವೇ ಇಲ್ಲ. ಹೇಗೋ ಕೂರಿಸಿದರೂ ಲೆನ್ಸ್ ಮುಂದಕ್ಕೆ ಉಳಿಯುತ್ತೆ, ದೂರದ್ದು ಯಾವುದೂ ಫೋಕಸ್ ಆಗಲ್ಲ. ನಡುವೆ ಗಾಜು ಇರುವ ಅಡಾಪ್ಟರ್ ಮಾರುತ್ತಾರೆ, ಆದರೆ ಆ ಗಾಜು ಫೋಟೋವನ್ನು ಮಬ್ಬು ಮಾಡುತ್ತೆ.

ಈಗ ನಿಮ್ಮ ಡಬ್ಬಿ ನೋಡೋಣ. ಹೆಲಿಯೋಸ್ ಎಂ42 ಅನ್ನುವ ತಿರುಪಿನ ಮೌಂಟ್, ಅದರ ದೂರ 45.46 ಎಂಎಂ. ಆಗುತ್ತೆ. ನಿಕಾನ್ 46.5, ಆಗುತ್ತೆ. ಹೌದ್ರಿ, ನಿಕಾನ್ ಲೆನ್ಸ್ ಕ್ಯಾನನ್ ಮೇಲೆ ಆರಾಮಾಗಿ ಕೂರುತ್ತೆ. ಕ್ಯಾನನ್ ಎಫ್‌ಡಿ 42, ಆಗಲ್ಲ. ಎಂಡಿ ಅಂದರೆ ಮಿನೋಲ್ಟಾ ಮೌಂಟ್, 43.5. ಅರ್ಧ ಎಂಎಂನಲ್ಲಿ ತಪ್ಪಿಹೋಯಿತು. ಆ ವಿವಿಟಾರ್ ಒಳ್ಳೆಯದೇ ಇರಬಹುದು. ವಿವಿಟಾರ್ ತಾನೇ ಲೆನ್ಸ್ ಮಾಡುತ್ತಿರಲಿಲ್ಲ, ಬೇರೆಯವರಿಂದ ಮಾಡಿಸುತ್ತಿತ್ತು. ಸೀರಿಯಲ್ ನಂಬರ್ 28ರಿಂದ ಶುರುವಾದರೆ ಕೊಮಿನೆ, 22 ಇದ್ದರೆ ಕಿರೋನ್, 37 ಇದ್ದರೆ ಟೋಕಿನಾ. ಇದು ಮುಂದೆ ಉಪಯೋಗಕ್ಕೆ ಬರುತ್ತೆ, ನೆನಪಿಟ್ಟುಕೊಳ್ಳಿ. ನಾಳೆ ನೀವು ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ತಗೊಂಡರೆ ಎಫ್‌ಡಿ, ಮಿನೋಲ್ಟಾ ಎಲ್ಲಾ ಕೂರುತ್ತವೆ, ಯಾಕಂದರೆ ಆ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಆ ದೂರ 20 ಎಂಎಂ ಅಥವಾ ಅದಕ್ಕಿಂತ ಕಡಿಮೆ. ಇವತ್ತಿಗೆ ಬೇಡ.

ಹಾಗಾಗಿ ಉಳಿದಿದ್ದು ಎರಡು. ನನ್ನ ಮಾತು ಕೇಳುವುದಾದರೆ ಕಣ್ಣು ಮುಚ್ಚಿ ಮೈಕ್ರೋ-ನಿಕ್ಕೋರ್ ತಗೊಳ್ಳಿ. ನೀವು ಕೇಳಿದ ಕೆಲಸಕ್ಕೇ ಮಾಡಿದ ಲೆನ್ಸ್ ಅದು. ಬೇರೆ ಯಾವ ರಿಂಗೂ ಹಾಕದೆ ಅದು ವಸ್ತುವನ್ನು ಸೆನ್ಸರ್ ಮೇಲೆ ಅರ್ಧ ಅಳತೆಯಲ್ಲಿ ಮೂಡಿಸುತ್ತೆ. ನಿಮ್ಮ ಸೆನ್ಸರ್ ಅಗಲ 22.3 ಎಂಎಂ. ಅಂದರೆ ಬಿದ್ರಿ ತಟ್ಟೆಯ ನಾಲ್ಕೂವರೆ ಸೆಂಟಿಮೀಟರ್ ಜಾಗ ಇಡೀ ಫೋಟೋ ತುಂಬುತ್ತೆ. ಒಂದು ಹೂವಿನ ಎಲ್ಲಾ ಎಸಳು, ತಂತಿಯ ತುದಿ ಎಲ್ಲಿ ತಿರುಗಿದೆ ಅನ್ನುವುದೂ ಕಾಣುತ್ತೆ. ಚಪ್ಪಟೆ ತಟ್ಟೆ ತೆಗೆದರೆ ಮೂಲೆಯಲ್ಲೂ ನಡುವಿನಷ್ಟೇ ಚೂಪಾಗಿ ಬರುತ್ತೆ. ಹೆಲಿಯೋಸ್‌ಗೆ ಅದು ಆಗಲ್ಲ.

ಹಳೇಸ್ಟುಡಿಯೋ_ಕಲಬುರಗಿ

ಮಗಳೇ, ಮೇಲಿನವರು ಮೌಂಟಿನ ಲೆಕ್ಕ ಸರಿಯಾಗಿ ಹೇಳಿದ್ದಾರೆ. ಆದರೆ ಕಣ್ಣು ಮುಚ್ಚಿ ತಗೋ ಅಂದರಲ್ಲ, ಅದನ್ನು ನಾನು ಒಪ್ಪಲ್ಲ. ಹಳೇ ಲೆನ್ಸನ್ನು ಕಣ್ಣು ತೆರೆದೇ ತಗೋಬೇಕು. ನಾನು ಮದುವೆ, ಪಾಸ್‌ಪೋರ್ಟ್ ಫೋಟೋ, ಶಾಲೆಯ ಗ್ರೂಪ್ ಫೋಟೋ ಎಲ್ಲಾ ತೆಗೆದು ಮೂವತ್ತು ವರ್ಷ ಇದೇ ಊರಲ್ಲಿ ಸ್ಟುಡಿಯೋ ನಡೆಸಿದವನು. ನಲವತ್ತು ವರ್ಷದ ಲೆನ್ಸ್ ಅಂದರೆ ಹೆಸರಿಗಿಂತ ಅದು ಎಲ್ಲಿ ಇತ್ತು, ಹೇಗೆ ಇತ್ತು ಅನ್ನುವುದು ಮುಖ್ಯ. ಹೆಸರುವಾಸಿ ಲೆನ್ಸ್ ಕೆಟ್ಟಿದ್ದರೆ ಅದಕ್ಕಿಂತ ಸಾದಾ ಲೆನ್ಸ್ ಚೆನ್ನಾಗಿರುವುದು ಎಷ್ಟೋ ವಾಸಿ.

ಮುಂಬೈ, ಮಂಗಳೂರಿನಿಂದ ಬಂದ ಲೆನ್ಸಿನಲ್ಲಿ ಫಂಗಸ್ ಭಯ ಜಾಸ್ತಿ. ಅಲ್ಲಿ ಗಾಳಿಯಲ್ಲೇ ನೀರು. ನಮ್ಮ ಕಲಬುರಗಿ, ಬೀದರ್ ಒಣ ನೆಲ, ಫಂಗಸ್ ಅಷ್ಟು ಬೇಗ ಬರಲ್ಲ. ಆದರೂ ಮಳೆಗಾಲದಲ್ಲಿ ಚರ್ಮದ ಕೇಸಿನಲ್ಲಿ ಮುಚ್ಚಿಟ್ಟರೆ ಬರುತ್ತೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತೆ. ನಮ್ಮ ಕಡೆ ದೊಡ್ಡ ಶತ್ರು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮಾಳಿಗೆ ಕೆಳಗೆ ಡಬ್ಬಿ ಇಟ್ಟಿದ್ದರೆ ಒಳಗಿನ ಗ್ರೀಸ್ ಕರಗಿ ಎಣ್ಣೆ ಬಿಡುತ್ತೆ. ಆ ಎಣ್ಣೆ ಮೆಲ್ಲಗೆ ಅಪರ್ಚರ್ ಬ್ಲೇಡ್ ಮೇಲೆ, ಅಂದರೆ ಬೆಳಕು ಬಿಡುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತಗಡುಗಳ ಮೇಲೆ, ಇಳಿಯುತ್ತೆ. ಎಣ್ಣೆ ಬಿಟ್ಟು ಉಳಿದ ಗ್ರೀಸ್ ಒಣಗಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಆಗುತ್ತೆ, ಫೋಕಸ್ ರಿಂಗ್ ತಿರುಗಿಸಲು ಕೈ ನೋಯುತ್ತೆ. ನೀನು ಹೇಳಿದ ಆ 55 ಎಫ್/2.8 ಮೈಕ್ರೋ ಇದೆಯಲ್ಲ, ಅದು ಬಹಳ ಚೂಪು ಲೆನ್ಸ್, ಆದರೆ ಈ ಎಣ್ಣೆ ರೋಗಕ್ಕೆ ಹೆಸರಾಗಿದೆ. ಅದಕ್ಕಿಂತ ಹಿಂದಿನ ಎಫ್/3.5 ಮೈಕ್ರೋಗೆ ಈ ತೊಂದರೆ ಕಡಿಮೆ.

ಭಾನುವಾರ ಹೋದಾಗ ಹೀಗೆ ನೋಡು. ಮೊದಲು ಮೊಬೈಲ್ ಟಾರ್ಚ್ ಹಚ್ಚು. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡು. ನೇರ ನೋಡಬೇಡ, ಕಣ್ಣು ಕುಕ್ಕುತ್ತೆ, ಏನೂ ಕಾಣಲ್ಲ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆ ಇಲ್ಲ, ಫೋಟೋದಲ್ಲಿ ಬರಲ್ಲ. ಜೇಡರ ಬಲೆಯ ಹಾಗೆ, ಬೇರಿನ ಹಾಗೆ ಕವಲೊಡೆದ ಗೆರೆ ಕಂಡರೆ ಅದು ಫಂಗಸ್, ವಾಪಸ್ ಇಡು. ಒಳಗೆ ಉಸಿರು ಬಿಟ್ಟ ಗಾಜಿನ ಹಾಗೆ ಮಂಜು ಕಂಡರೆ ಎಣ್ಣೆಯ ಆವಿ ಕೂತಿದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ ಕಂಡರೆ ಎರಡು ಗಾಜು ಅಂಟಿಸಿದ ಬಾಲ್ಸಂ ಬಿಟ್ಟಿದೆ, ಅದನ್ನು ಸರಿ ಮಾಡಿಸಲು ಲೆನ್ಸಿನ ಬೆಲೆಗಿಂತ ಜಾಸ್ತಿ ಹೋಗುತ್ತೆ.

ಆಮೇಲೆ ಫೋಕಸ್ ರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸು. ಎಲ್ಲಾ ಕಡೆ ಒಂದೇ ಹದ ಇರಬೇಕು. ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಇದ್ದರೆ ಬೇಡ. ಕೈಯಲ್ಲಿ ಹಿಡಿದು ಅಲುಗಿಸು, ಒಳಗೆ ಕಟಕಟ ಅನ್ನಬಾರದು. ಮುಂದಿನ ಉಂಗುರದ ಗೀರು, ಹಿಂದಿನ ಸ್ಕ್ರೂ ತಲೆ ನೋಡು. ಸ್ಕ್ರೂ ತಲೆ ಕೆತ್ತಿಹೋಗಿದ್ದರೆ ಯಾರೋ ಬಿಚ್ಚಿ ಮತ್ತೆ ಜೋಡಿಸಿದ್ದಾರೆ. ಹಾಗಿದ್ದರೆ ದೂರದ ಕಂಬವೋ ಗೋಪುರವೋ ಒಂದನ್ನು ಫೋಕಸ್ ಮಾಡಿ ನೋಡದೆ ದುಡ್ಡು ಕೊಡಬೇಡ. ತಪ್ಪು ಜೋಡಿಸಿದರೆ ಮೊದಲು ಕೈಕೊಡುವುದು ಅದೇ. ಮುಂದಿನ ಗಾಜಿಗಿಂತ ಹಿಂದಿನ ಗಾಜಿನ ಮೇಲೆ ಗೀರು ಇದ್ದರೆ ಫೋಟೋ ಜಾಸ್ತಿ ಕೆಡುತ್ತೆ, ಇದನ್ನು ಬಹಳ ಜನ ಮರೆಯುತ್ತಾರೆ.

ಇನ್ನೊಂದು. ಗಾಜಿನ ಮೇಲೆ ಧೂಳು ಕಂಡ ತಕ್ಷಣ ಬಟ್ಟೆಯಿಂದ ಒರೆಸಬೇಡ. ನಮ್ಮ ಕಡೆ ಧೂಳಿನಲ್ಲಿ ಮರಳು, ಕಲ್ಲಿನ ಪುಡಿ ಇರುತ್ತೆ, ಶಹಾಬಾದ್ ಕಡೆಯಂತೂ ಕೇಳಬೇಡ. ಮೊದಲು ಬ್ಲೋವರ್‌ನಿಂದ ಊದು. ಆಮೇಲೆ ಬೇಕಾದರೆ ಮೆತ್ತನೆ ಬ್ರಶ್. ಒರೆಸುವುದು ಕೊನೆಗೆ.

ಯಾದಗಿರಿ_ಬೆಟ್ಟ

ಹಳೇಸ್ಟುಡಿಯೋ ಸರ್ ಹೇಳಿದ ಟಾರ್ಚ್ ಪರೀಕ್ಷೆ ಬಗ್ಗೆ ನನ್ನದೂ ಒಂದು ಅನುಭವ. ಆನ್‌ಲೈನ್‌ನಲ್ಲಿ ಒಬ್ಬರಿಂದ 135 ಎಂಎಂ ತರಿಸಿದ್ದೆ. ಫೋಟೋದಲ್ಲಿ ಹೊಸದರ ಹಾಗೆ ಹೊಳೆಯುತ್ತಿತ್ತು. ಒಳಗೆ ಸ್ವಲ್ಪ ಧೂಳು ಇದೆ ಅಷ್ಟೇ ಅಂದರು. ಬಂದ ಮೇಲೆ ಟಾರ್ಚ್ ಹಿಡಿದರೆ ನಡುವಿನ ಗಾಜಿನ ತುಂಬಾ ಫಂಗಸ್. ಬಿಚ್ಚಿಸಿ ಒರೆಸಿದರೂ ಗಾಜಿನ ಕೋಟಿಂಗ್ ತಿಂದ ಗುರುತು ಉಳಿಯಿತು. ವಾಪಸ್ ತಗೊಳ್ಳಲಿಲ್ಲ. ನಿಮಗೆ ಕೈಯಲ್ಲಿ ಹಿಡಿದು ನೋಡುವ ಅವಕಾಶ ಇದೆ, ಅದಕ್ಕಿಂತ ದೊಡ್ಡದು ಇಲ್ಲ. ದೂರದಿಂದ ತರಿಸಲೇಬೇಕಾದರೆ ಟಾರ್ಚ್ ಹಿಡಿದ ಫೋಟೋ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕವೂ ಬೀಳುತ್ತೆ, ಅಗ್ಗ ಅಂದುಕೊಂಡಿದ್ದು ಅಗ್ಗ ಉಳಿಯಲ್ಲ.

ಈಗ ತೊಗರಿಕಣಜ ಅಣ್ಣನ ಮಾತಿಗೆ. ನಿಕ್ಕೋರ್ ಚೂಪು, ಒಪ್ಪುತ್ತೇನೆ. ಆದರೆ ತಂಗಿಯ ಹತ್ತಿರ ಇರುವುದು 7,000. 6,500 ಅದಕ್ಕೇ ಹೋದರೆ ರಿಂಗ್ ತಗೊಂಡು ಕೈ ಖಾಲಿ. ಹೆಲಿಯೋಸ್ 4,000ಕ್ಕೆ ಸಿಗುತ್ತೆ, ಕೇಳಿದರೆ ಇನ್ನೂ ಇಳಿಸುತ್ತಾರೆ. ಅದರ ಜೊತೆ ಎಂ42 ಎಕ್ಸ್‌ಟೆನ್ಷನ್ ಟ್ಯೂಬ್ ಸೆಟ್ ಒಂದು ತಗೊಂಡರೆ ಎರಡೂ ಕೆಲಸ ಆಗುತ್ತೆ. ಟ್ಯೂಬ್ ಅಂದರೆ ಒಳಗೆ ಗಾಜೇ ಇಲ್ಲದ ಖಾಲಿ ಕೊಳವೆ, ಲೆನ್ಸನ್ನು ಕ್ಯಾಮೆರಾದಿಂದ ಮುಂದಕ್ಕೆ ತರುತ್ತೆ, ಆಗ ಹತ್ತಿರದ ವಸ್ತು ಫೋಕಸ್ ಆಗುತ್ತೆ. ಗಾಜು ಇಲ್ಲದ್ದರಿಂದ ಅಗ್ಗ. ಸಾಮಾನ್ಯವಾಗಿ 7, 14, 28 ಎಂಎಂ ಮೂರು ತುಂಡು ಬರುತ್ತವೆ. ಲೆಕ್ಕ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಎಂಎಂನಿಂದ ಭಾಗಿಸಿ. 28ನ್ನು 58ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಅರ್ಧ. ನಿಕ್ಕೋರ್ ಕೊಡುವುದೂ ಅಷ್ಟೇ! ಮೂರೂ ಸೇರಿಸಿದರೆ ಅದಕ್ಕಿಂತ ಜಾಸ್ತಿ.

ಮುಖಕ್ಕಂತೂ ಹೆಲಿಯೋಸ್ ಬೇರೆಯೇ. ಅದು ಜರ್ಮನಿಯ ಬಯೋಟಾರ್ 58ರ ನಕ್ಷೆಯ ಮೇಲೆ ಸೋವಿಯತ್‌ನವರು ಮಾಡಿದ ಲೆನ್ಸ್. ಎಫ್/2ರಲ್ಲಿ ಹಿಂದೆ ಎಲೆ ತುಂಬಿದ ಮರ ಇದ್ದರೆ ಆ ಎಲೆಗಳೆಲ್ಲ ಸುಳಿಯ ಹಾಗೆ ಮುಖದ ಸುತ್ತ ತಿರುಗುತ್ತವೆ. ಒಂದು ವಿಷಯ ನಿಜ ಹೇಳಬೇಕು, ನಿಮ್ಮ 1500ಡಿ ಸೆನ್ಸರ್ ಸಣ್ಣದು, ಸುಳಿ ಜೋರಾಗಿ ಕಾಣುವ ಅಂಚು ಕತ್ತರಿಸಿ ಹೋಗುತ್ತೆ. ಸುಳಿಗಾಗಿಯೇ ತಗೊಂಡರೆ ಬೇಜಾರಾಗಬಹುದು. ಆದರೆ 58 ಎಂಎಂ ನಿಮ್ಮ ಕ್ಯಾಮೆರಾದಲ್ಲಿ ಫಿಲ್ಮ್ ಕಾಲದ 93 ಎಂಎಂನ ಹಾಗೆ ಕೆಲಸ ಮಾಡುತ್ತೆ. ಮುಖಕ್ಕೆ ಅದು ಹದವಾದ ಅಳತೆ. ಮೈಲಾಪುರ ಜಾತ್ರೆಯಲ್ಲಿ ಭಂಡಾರದ ಅರಿಶಿನ ಹಾರುವಾಗ ನಾನು ತೆಗೆದ ಅಜ್ಜನೊಬ್ಬರ ಮುಖ ಇದೇ ಲೆನ್ಸಿನದು. ಅಷ್ಟು ಚೂಪಿಲ್ಲ. ಆದರೆ ಆ ಬೆಳಕು, ಆ ಹಳದಿ, ಕಿಟ್ ಲೆನ್ಸಲ್ಲಿ ನನಗೆ ಯಾವತ್ತೂ ಸಿಕ್ಕಿಲ್ಲ.

ತೊಗರಿಕಣಜ

ಟ್ಯೂಬ್ ವಿಷಯ ನನಗೆ ಹೊಳೆಯಲಿಲ್ಲ, ಒಳ್ಳೇ ಮಾತು. ಆದರೂ ಚಪ್ಪಟೆ ತಟ್ಟೆಯ ಮೂಲೆಗಳು ಹೆಲಿಯೋಸ್‌ನಲ್ಲಿ ಮೆತ್ತಗೆ ಬರುತ್ತವೆ ಅನ್ನುವುದನ್ನು ನಾನು ಬಿಡಲ್ಲ. ಅದು ದೂರದಿಂದ ತೆಗೆಯಲು ಮಾಡಿದ ಲೆನ್ಸ್. ಎಫ್/8, ಎಫ್/11ಕ್ಕೆ ಇಳಿಸಿದರೆ ಬಹಳ ಮಟ್ಟಿಗೆ ಸರಿಹೋಗುತ್ತೆ, ಆದರೆ ಬೆಳಕು ಕಡಿಮೆ ಆಗುತ್ತೆ, ಟ್ರೈಪಾಡ್ ಬೇಕೇ ಬೇಕು. ಬಿದ್ರಿ ಕೆಲಸ ಹೊಟ್ಟೆಪಾಡಿಗೆ, ಮುಖ ಖುಷಿಗೆ. ಮೊದಲನೆಯದಕ್ಕೆ ತಕ್ಕ ಲೆನ್ಸ್ ತಗೋಬೇಕು ಅಲ್ವಾ?

ಸರ್, ನಿಕ್ಕೋರ್ ಬ್ಲೇಡಿನಲ್ಲಿ ಎಣ್ಣೆ ಇದ್ದರೆ ಪೂರ್ತಿ ಬಿಟ್ಟೇಬಿಡಬೇಕಾ?

ಹಳೇಸ್ಟುಡಿಯೋ_ಕಲಬುರಗಿ

ಬೇಕಾಗಿಲ್ಲ. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ಮಾತು.

ನಿಕಾನ್ ಕ್ಯಾಮೆರಾದಲ್ಲಿ ಆ ಲೆನ್ಸ್ ಯಾವಾಗಲೂ ತೆರೆದೇ ಇರುತ್ತೆ. ಬಟನ್ ಒತ್ತಿದ ಕ್ಷಣದಲ್ಲಿ ಮಾತ್ರ ಬ್ಲೇಡ್ ಪಟ್ ಅಂತ ಮುಚ್ಚಬೇಕು. ಎಣ್ಣೆ ಇದ್ದರೆ ತಡವಾಗಿ ಮುಚ್ಚುತ್ತೆ, ಫೋಟೋ ಬಿಳಿಚುತ್ತೆ. ಅದಕ್ಕೇ ನಮ್ಮ ಕಾಲದಲ್ಲಿ ಎಣ್ಣೆ ಲೆನ್ಸ್ ಅಂದರೆ ಯಾರೂ ಮುಟ್ಟುತ್ತಿರಲಿಲ್ಲ. ಅಡಾಪ್ಟರ್ ಮೇಲೆ ಹಾಗಲ್ಲ. ನೀನು ಕೈಯಿಂದ ಎಫ್/8 ತಿರುಗಿಸಿದರೆ ಬ್ಲೇಡ್ ಆಗಲೇ ಮುಚ್ಚಿಕೊಂಡು ಹಾಗೇ ಇರುತ್ತೆ. ನಿಧಾನಕ್ಕೆ ಮುಚ್ಚಿದರೂ ನಷ್ಟ ಇಲ್ಲ. ಗಾಜಿಗೆ ಮಂಜು ಹಿಡಿಯದೆ ಬ್ಲೇಡ್ ಮೇಲೆ ಮಾತ್ರ ಎಣ್ಣೆ ಇದ್ದರೆ ಅದನ್ನು ತೋರಿಸಿ ಬೆಲೆ ಇಳಿಸಿ ತಗೋಬಹುದು. ಹೆಲಿಯೋಸ್ 44-2ರಲ್ಲಂತೂ ಬ್ಲೇಡಿಗೆ ಸ್ಪ್ರಿಂಗೇ ಇಲ್ಲ. ಎರಡು ರಿಂಗ್ ಇರುತ್ತೆ, ಒಂದರಲ್ಲಿ ನಂಬರ್ ಇಡುವುದು, ಇನ್ನೊಂದರಲ್ಲಿ ತೆರೆಯುವುದು ಮುಚ್ಚುವುದು. ಎಂಟು ಬ್ಲೇಡ್. ಸ್ವಲ್ಪ ಎಣ್ಣೆ ಇದ್ದರೂ ನಡೆಯುತ್ತೆ.

ಕ್ಷಮಿಸಬಾರದ್ದು ಫೋಕಸ್ ರಿಂಗ್ ಬಿಗಿ. ಅದರಲ್ಲೂ ಹತ್ತಿರ ಫೋಕಸ್ ಮಾಡುವ ಕಡೆ. ನಿನ್ನ ಕೆಲಸವೆಲ್ಲ ಅಲ್ಲೇ ಇರುವುದು. ಅಲ್ಲಿ ಬಿಗಿ ಇದ್ದರೆ ಪ್ರತಿ ಸಲ ರಿಂಗ್ ತಿರುಗಿಸಿದಾಗ ಕ್ಯಾಮೆರಾ ಅಲುಗುತ್ತೆ, ಟ್ರೈಪಾಡ್ ಸರಿಯುತ್ತೆ. ಇಂಥ ಲೆನ್ಸ್ ಬಿಚ್ಚಿ ಗ್ರೀಸ್ ಬದಲಾಯಿಸಲು ಹಳಬ ಮೆಕ್ಯಾನಿಕ್ ಬೇಕು. ಅಂಥವರು ನಮ್ಮ ಊರಲ್ಲಿ ಈಗ ನನಗೆ ತಿಳಿದಂತೆ ಯಾರೂ ಉಳಿದಿಲ್ಲ, ಹೈದರಾಬಾದಿಗೇ ಹೋಗಬೇಕು. ದಯವಿಟ್ಟು ವಿಡಿಯೋ ನೋಡಿ ಮನೆಯಲ್ಲಿ ಬಿಚ್ಚಬೇಡ. ತಿರುಪು ಎಲ್ಲಿ ಬಿಟ್ಟುಕೊಂಡಿತು ಅಂತ ಗುರುತು ಹಾಕಿಕೊಳ್ಳದೆ ಬಿಚ್ಚಿದರೆ ಮತ್ತೆ ಸರಿಯಾಗಿ ಕೂರಿಸುವುದು ಬಹಳ ಕಷ್ಟ.

ಬೀದರ್_ಬೆಳ್ಳಿತಂತಿ

ಸರ್, ಅಣ್ಣಂದಿರೇ, ಭಾನುವಾರ ಹೋಗಿ ಬಂದೆ. ಬೆಳಗಿನ ರೈಲಿಗೆ ಹೋಗಿ ಸಂಜೆ ವಾಪಸ್.

ಮಾಲೀಕರು ಒಳ್ಳೆಯವರು. ಟಾರ್ಚ್ ಹಿಡಿದು ನೋಡುತ್ತೇನೆ ಅಂದಾಗ ಬೇಜಾರು ಮಾಡಿಕೊಳ್ಳಲಿಲ್ಲ, ತಾವೇ ಕುರ್ಚಿ ಹಾಕಿ ಕೂರಿಸಿದರು. ಮೈಕ್ರೋ ನೋಡಿದೆ. ಗಾಜು ತಿಳಿ ನೀರಿನ ಹಾಗಿದೆ, ಮಂಜೂ ಇಲ್ಲ, ಫಂಗಸೂ ಇಲ್ಲ. ಬ್ಲೇಡ್ ಮೇಲೆ ಎಣ್ಣೆ ಹೊಳೆಯುತ್ತಿತ್ತು, ಸರ್ ಹೇಳಿದ ಹಾಗೇ. ರಿಂಗ್ ತಿರುಗಿಸಿದೆ. ದೂರದಿಂದ ಒಂದು ಮೀಟರ್ ತನಕ ಬೆಣ್ಣೆ. ಅಲ್ಲಿಂದ ಹತ್ತಿರಕ್ಕೆ ಬರುತ್ತಾ ಬಿಗಿಯಾಗುತ್ತಾ ಹೋಯಿತು, ಕೊನೆಯ ಕಾಲು ಸುತ್ತು ಎರಡೂ ಕೈ ಹಾಕಿ ತಿರುಗಿಸಬೇಕಾಯಿತು. ನನಗೆ ಬೇಕಾದ ಕಡೆಯೇ ಹಾಗೆ. 5,000ಕ್ಕೆ ಕೊಡುತ್ತೇನೆ ಅಂದರು. ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದೆ. ಕೊನೆಗೆ ಬಿಟ್ಟೆ.

ಹೆಲಿಯೋಸ್ ತಗೊಂಡೆ. ಒಳಗೆ ನಾಲ್ಕೈದು ಧೂಳಿನ ಕಣ, ಮುಂದಿನ ಗಾಜಿನ ಅಂಚಿನಲ್ಲಿ ಒಂದು ಸಣ್ಣ ಗೀರು. ರಿಂಗ್ ಸ್ವಲ್ಪ ಸಡಿಲ, ಆದರೆ ಎಲ್ಲಾ ಕಡೆ ಒಂದೇ ಸಮ. ಸೀರಿಯಲ್ ನಂಬರ್ 83ರಿಂದ ಶುರು. ಕ್ಯಾಮೆರಾ ಸಮೇತ 3,500ಕ್ಕೆ ಕೊಟ್ಟರು. ಎಂ42 ರಿಂಗ್ ಮತ್ತು ಟ್ಯೂಬ್ ಸೆಟ್ ಆರ್ಡರ್ ಮಾಡಿದ್ದೇನೆ.

ಎರಡು ಪ್ರಶ್ನೆ. ರಿಂಗ್‌ನಲ್ಲಿ ಚಿಪ್ ಇರುವುದು, ಇಲ್ಲದ್ದು ಎರಡು ಬಗೆ ಇವೆ, ನಾನು ಚಿಪ್ ಇಲ್ಲದ್ದು ಹಾಕಿದ್ದೇನೆ, ಪರವಾಗಿಲ್ವಾ? ಇನ್ನೊಂದು, ಜಾತ್ರೆಯಲ್ಲಿ ಕೈಯಿಂದ ಫೋಕಸ್ ಮಾಡುವಷ್ಟರಲ್ಲಿ ಜನ ಹೋಗಿಬಿಟ್ಟರೆ?

ಯಾದಗಿರಿ_ಬೆಟ್ಟ

ಒಳ್ಳೇ ತೀರ್ಮಾನ ತಂಗಿ. 83 ಅಂದರೆ 1983ರಲ್ಲಿ ಮಾಡಿದ್ದು. ಸೋವಿಯತ್ ಲೆನ್ಸಿನಲ್ಲಿ ಸಾಮಾನ್ಯವಾಗಿ ಮೊದಲ ಎರಡು ಅಂಕಿ ವರ್ಷ.

ಚಿಪ್ ಇಲ್ಲದಿದ್ದರೂ ನಡೆಯುತ್ತೆ. ಸ್ಕ್ರೀನಿನಲ್ಲಿ ಎಫ್ 00 ಅಂತ ತೋರಿಸುತ್ತೆ, ಹೆದರಬೇಡಿ. ಲೆನ್ಸ್ ಇದೆ ಅಂತ ಕ್ಯಾಮೆರಾಕ್ಕೆ ಗೊತ್ತಿಲ್ಲ, ಅಷ್ಟೇ. ಎವಿ ಮೋಡಿನಲ್ಲಿ ಇಟ್ಟರೆ ಬೆಳಕು ಕ್ಯಾಮೆರಾನೇ ಅಳೆದು ಶಟರ್ ವೇಗ ಇಡುತ್ತೆ. ಚಿಪ್ ಇದ್ದರೆ ಫೋಕಸ್ ಸರಿಯಾದಾಗ ಕೆಂಪು ಚುಕ್ಕೆ ಹೊತ್ತಿ ಬೀಪ್ ಅನ್ನುತ್ತೆ, ಜಾತ್ರೆಗೆ ಅದು ಅನುಕೂಲ. ಮುಂದೆ ಬೇಕಾದರೆ ತಗೊಳ್ಳಿ.

ಜನ ಓಡಾಡುವ ಕಡೆ ಪ್ರತಿ ಸಲ ಫೋಕಸ್ ಮಾಡಲು ಹೋಗಬೇಡಿ. ಎಫ್/8 ಇಡಿ, ಮೂರು ಮೀಟರಿಗೆ ಫೋಕಸ್ ಇಟ್ಟು ರಿಂಗ್ ಮುಟ್ಟಬೇಡಿ. ಲೆನ್ಸ್ ಮೇಲೆ ಕೆತ್ತಿದ ಗೆರೆಗಳಿವೆಯಲ್ಲ, ಎಫ್/8ರ ಎರಡು ಗೆರೆಗಳ ನಡುವೆ ಎಷ್ಟರಿಂದ ಎಷ್ಟು ಮೀಟರ್ ತನಕ ಸ್ಪಷ್ಟ ಅಂತ ಅದರಲ್ಲೇ ಬರೆದಿದೆ. ಆದರೆ ಆ ಗೆರೆ ಫಿಲ್ಮ್ ಅಳತೆಗೆ. ನಿಮ್ಮ ಸಣ್ಣ ಸೆನ್ಸರಿಗೆ ಒಂದು ಹೆಜ್ಜೆ ಕಡಿಮೆ ಓದಿ, ಎಫ್/8 ಇಟ್ಟರೆ 5.6ರ ಗೆರೆ ನೋಡಿ. ಆಮೇಲೆ ನೀವೇ ಮೂರು ಮೀಟರ್ ದೂರಕ್ಕೆ ನಡೆದು ಹೋಗಿ ನಿಂತುಕೊಳ್ಳಿ. ಎರಡು ಜಾತ್ರೆ ಮುಗಿಯುವಷ್ಟರಲ್ಲಿ ಮೂರು ಮೀಟರ್ ಎಷ್ಟು ಅಂತ ಕಾಲಿಗೇ ಗೊತ್ತಾಗುತ್ತೆ.

ತೊಗರಿಕಣಜ

ನಾನು ನಿಕ್ಕೋರ್ ಅಂದವನು. ಆದರೆ ಆ ರಿಂಗ್ ವಿಷಯ ಓದಿದ ಮೇಲೆ ನೀವು ಬಿಟ್ಟಿದ್ದೇ ಸರಿ ಅನಿಸಿತು. ಬಿದ್ರಿಗೆ ಎರಡು ಮಾತು. ಲೈವ್ ವ್ಯೂ ಹಾಕಿ, ಅಂದರೆ ಹಿಂದಿನ ಸ್ಕ್ರೀನಿನಲ್ಲೇ ನೋಡುತ್ತಾ, 10 ಪಟ್ಟು ದೊಡ್ಡದು ಮಾಡಿ ಫೋಕಸ್ ಮಾಡಿ, ವ್ಯೂಫೈಂಡರ್ ನಂಬಬೇಡಿ. ಇಷ್ಟು ಹತ್ತಿರದಲ್ಲಿ ರಿಂಗ್ ತಿರುಗಿಸುವುದಕ್ಕಿಂತ ತಟ್ಟೆಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುವುದು ಸುಲಭ. ಕ್ಯಾಮೆರಾ ತಟ್ಟೆಗೆ ನೇರವಾಗಿ, ಓರೆ ಇಲ್ಲದೆ ಇರಲಿ. ಎರಡು ಸೆಕೆಂಡಿನ ಟೈಮರ್ ಹಾಕಿ. ಬೆಳಕು ಕಿಟಕಿಯಿಂದ, ನಡುವೆ ಒಂದು ಬಿಳಿ ಪಂಚೆ ಕಟ್ಟಿ. ಬೆಳ್ಳಿಗೆ ನೇರ ಬೆಳಕು ಬಿದ್ದರೆ ತಂತಿ ಬಿಳಿ ಪಟ್ಟಿಯಾಗಿ ಕರಗಿಹೋಗುತ್ತೆ, ಸುತ್ತಿಗೆಯ ಏಟಿನ ಗುರುತು ಕಾಣಲ್ಲ. ಕೊನೆಗೆ ಎಣ್ಣೆ ಹಚ್ಚುವ ಮೊದಲು ತೆಗೆದು ನೋಡಿ, ಹಚ್ಚಿದ ಮೇಲೂ ತೆಗೆದು ನೋಡಿ. ಕಪ್ಪು ಎರಡರಲ್ಲೂ ಬೇರೆ ಬರುತ್ತೆ.

ಬೀದರ್_ಬೆಳ್ಳಿತಂತಿ

ರಿಂಗೂ ಟ್ಯೂಬೂ ನಿನ್ನೆ ಬಂದವು. ಇವತ್ತು ಬೆಳಿಗ್ಗೆ ಕಾಕಾನ ಮನೆ ಕಿಟಕಿ ಹತ್ತಿರ ಅವರದೇ ಬಿಳಿ ಪಂಚೆ ಕಟ್ಟಿ ಒಂದು ಪಾನ್ ಡಬ್ಬಿಯ ಮುಚ್ಚಳ ತೆಗೆದೆ. 28ರ ಟ್ಯೂಬ್, ಎಫ್/11, ಎರಡು ಸೆಕೆಂಡಿನ ಟೈಮರ್. ಮೂಲೆ ಸ್ವಲ್ಪ ಮೆತ್ತಗಿದೆ, ತೊಗರಿಕಣಜ ಅಣ್ಣ ಹೇಳಿದ್ದು ನಿಜ. ನಡುವೆ ಮಾತ್ರ ಒಂದೊಂದು ತಂತಿಯೂ ಬೇರೆ ಬೇರೆ ಕಾಣುತ್ತೆ. ತಂತಿ ಕೂತ ಗೀರಿನ ಅಂಚಿನಲ್ಲಿ ಉಳಿಯ ಗುರುತು ಕೂಡ.

ಕಾಕಾಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ. ಆಮೇಲೆ ಒಂದು ಎಸಳಿನ ತುದಿಗೆ ಬೆರಳಿಟ್ಟು, ಇಲ್ಲಿ ತಂತಿ ಎದ್ದಿದೆ, ಇದನ್ನು ಮಾರಬೇಡ ಅಂದು ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಈಗ ಅದಕ್ಕೆ ಮತ್ತೆ ಸುತ್ತಿಗೆ ಹಾಕುತ್ತಿದ್ದಾರೆ. ನಾಳೆ ಮತ್ತೆ ತೆಗೆಯಬೇಕು.

ಬರುವ ಭಾನುವಾರ ಅಷ್ಟೂರಿಗೆ ಹೋಗುತ್ತೇನೆ. ಅಲ್ಲಿ ಗುಮ್ಮಟಗಳ ಹತ್ತಿರ ಮರದ ನೆರಳಿದೆ. ನನ್ನ ಅಕ್ಕನ ಮಗಳನ್ನು ಎಲೆಗಳ ಮುಂದೆ ನಿಲ್ಲಿಸಿ ಎಫ್/2ರಲ್ಲಿ ತೆಗೆದು ಇಲ್ಲಿ ಹಾಕುತ್ತೇನೆ, ಸುಳಿ ಎಷ್ಟು ಬರುತ್ತೆ ನೀವೇ ನೋಡಿ ಹೇಳಿ.